ಹನ್ನೆರಡು ಗಂಟೆಯ ಸೈರನ್

ಒಂಬತ್ತನೆಯ ಕಂತು

ತೊಂಬತ್ತೊಂದನೆಯ ಹೆಜ್ಜೆ ಇಡುವಷ್ಟರಲ್ಲಿ ಸೈರನ್ ಕೂಗಿತು.

ನೆಟ್ಟೀ ಪ್ರೂಯಿಟ್ ನಿಂತಲ್ಲೇ ನಿಂತು ತಲೆ ಎತ್ತಿದಳು. ನೈಋತ್ಯದ ಆಕಾಶ ಪೆಟ್ಟು ಬಿದ್ದ ಮೈಯ ಹಾಗೆ ಹಸಿರುಗಪ್ಪಾಗಿತ್ತು. ಬೆಳಗಿನಿಂದ ಬೀಸುತ್ತಿದ್ದ ಗಾಳಿ ಗೋಧಿ ಹೊಲದ ಮೇಲೆ ಪೂರಾ ನಿಂತುಹೋಗಿತ್ತು. ಒಕ್ಲಹೋಮಾದಲ್ಲಿ ಹುಟ್ಟಿ ಬೆಳೆದವರಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸುಂಟರಗಾಳಿ ಬರುತ್ತಿದೆ, ನೆಲದೊಳಗೆ ಇಳಿ, ಅಷ್ಟೇ.

ಆದರೆ ಇಳಿಯುವುದೆಲ್ಲಿ?

ಅವಳು ಎಣಿಸುತ್ತಿದ್ದದ್ದು ಟ್ರಾಯ್ ಡೀಟ್ಸ್‌ನ ಅಡುಗೆಮನೆಯಿಂದ ನೆರೆಯ ಗಾರ್ಲಂಡ್ ಮೆಸ್ಸರ್‌ನ ಹಿಂಬಾಗಿಲಿಗೆ ಎಷ್ಟು ಹೆಜ್ಜೆ ಎಂಬುದನ್ನು. ಹನ್ನೊಂದು ದಿನದ ಹಿಂದೆ, ಒಂದು ಶನಿವಾರ, ಇದೇ ದಾರಿ ಹಿಡಿದು ಹೋದ ಟ್ರಾಯ್, ಮೆಸ್ಸರ್ ಮನೆಯ ಹಿಂಜಗಲಿಯಲ್ಲಿ ಎದೆಗೆ ಗುಂಡು ಬಿದ್ದು ಸತ್ತಿದ್ದ. ಕದಿಯಲು ಬಾಗಿಲು ಒಡೆದು ನುಗ್ಗಿದ, ಹೊಡೆದೆ ಎಂದು ಗಾರ್ಲಂಡ್ ಹೇಳಿಕೆ ಬರೆಸಿದ್ದ.

ಈ ರಾಜ್ಯದ ಕಾನೂನು ಮನೆಯೊಡೆಯನ ಪರ. ಬಾಗಿಲು ಮುರಿದು ಒಳಗೆ ಬಂದವನ ಮೇಲೆ ಗುಂಡು ಹಾರಿಸಿದವನು ಭಯವಾಯಿತು ಎಂದರೆ ಮುಗಿಯಿತು. ಆ ಕಾನೂನಿನ ಮೇಲೆ ನೆಟ್ಟೀಗೆ ಸಿಟ್ಟೇನೂ ಇರಲಿಲ್ಲ. ಅವಳ ಅಮ್ಮ ಒಂಟಿಯಾಗಿದ್ದಾಗ ಅಡುಗೆಮನೆಯ ಕಿಟಕಿ ಹತ್ತಿದವನೊಬ್ಬ ಆಕೆಯ ಕೈಯಲ್ಲಿದ್ದ ಜೋಡುನಳಿಗೆಯ ಕೋವಿ ಕಂಡು ಚಪ್ಪಲಿ ಬಿಟ್ಟು ಓಡಿದ್ದ. ಆ ಕೋವಿ ಇಲ್ಲದಿದ್ದರೆ ಅಮ್ಮ ಉಳಿಯುತ್ತಿರಲಿಲ್ಲ.

ಆದರೆ ಟ್ರಾಯ್ ಕಳ್ಳನಲ್ಲ. ಶಾಲಾ ಬಸ್ಸುಗಳನ್ನು ರಿಪೇರಿ ಮಾಡುತ್ತಿದ್ದವನು, ಹೋದ ವರ್ಷ ಕುಡಿತ ಬಿಟ್ಟವನು. ನಾಳೆ ಬೆಳಗ್ಗೆ ಒಂಬತ್ತಕ್ಕೆ ನ್ಯಾಯಾಧೀಶರು ಗಾರ್ಲಂಡ್‌ನ ಮಾತನ್ನು ಒಪ್ಪಿಬಿಟ್ಟರೆ ಕಡತ ಶಾಶ್ವತವಾಗಿ ಮುಚ್ಚುತ್ತದೆ. ಆಮೇಲೆ ಯಾರು ಏನು ಕಂಡುಹಿಡಿದರೂ ಟ್ರಾಯ್ ಡೀಟ್ಸ್ ಕಳ್ಳನಾಗಿಯೇ ಮಣ್ಣಲ್ಲಿ ಮಲಗಿರಬೇಕು. ಅದು ನೆಟ್ಟೀಗೆ ಸಹಿಸಲಾಗದ ಸಂಗತಿಯಾಗಿತ್ತು.

ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರಿಫ್‌ಗೆ ಆ ಕಷ್ಟವಿರಲಿಲ್ಲ. ‘ಎರಡು ದಿನ ರಜೆ ತಗೋ, ಮೀನು ಹಿಡಿಯೋಕೆ ಹೋಗು’ ಎಂದು ತನ್ನ ತನಿಖಾಧಿಕಾರಿಯಾದ ನೆಟ್ಟೀಯನ್ನು ಸಾಗಹಾಕಿದ್ದ. ಹಾಗಾಗಿ ಅವಳ ಬಿಲ್ಲೆ, ಪಿಸ್ತೂಲು ಎರಡೂ ಡೀಟ್ಸ್ ಮನೆಯ ಮುಂದೆ ನಿಲ್ಲಿಸಿದ್ದ ಕಾರಿನೊಳಗೆ ಬೀಗ ಹಾಕಿಕೊಂಡು ಕೂತಿದ್ದವು. ಟ್ರಾಯ್‌ನ ಹೆಂಡತಿ ಮೇವಿಸ್, ಆ ಶನಿವಾರವೂ ತಾನಿದ್ದ ದೂರದ ಅಕ್ಕನ ಮನೆಯಿಂದ ನಾಲ್ಕು ಗಂಟೆಗೆ ಬಂದು ಭೇಟಿಯಾಗುತ್ತೇನೆ ಎಂದಿದ್ದಳು. ಈಗ ಮೂರೂ ಮುಕ್ಕಾಲು.

ನೆಟ್ಟೀ ಹಿಂತಿರುಗಿ ನೋಡಿದಳು. ಡೀಟ್ಸ್ ಹಿತ್ತಲಿನ ನಡುವೆ, ಅರವತ್ತನೆಯ ಹೆಜ್ಜೆಯಲ್ಲಿ ಅವಳ ಕಾಲು ಕುಸಿದಿದ್ದ ಜಾಗದಲ್ಲಿ, ಚೌಕಾಕಾರದ ತಗ್ಗೊಂದಿತ್ತು. ಅವರ ನೆಲಮಾಳಿಗೆ ಇದ್ದದ್ದೇ ಅಲ್ಲಿ. ಒಂಬತ್ತು ವರ್ಷದ ಹಿಂದೆ ಟ್ರಾಯ್ ಅದಕ್ಕೆ ಮಣ್ಣು ತುಂಬಿಸಿ ಮುಚ್ಚಿಬಿಟ್ಟಿದ್ದ. ನೀರು ಜಿನುಗುತ್ತದೆ ಎಂದಿದ್ದನಂತೆ, ಊರೂ ಹೌದು ಎಂದು ಸುಮ್ಮನಾಗಿತ್ತು. ಅಂದಿನಿಂದ ಗಂಡ ಹೆಂಡತಿ ಸೈರನ್ ಕೇಳಿದಾಗಲೆಲ್ಲ ಮೆಸ್ಸರ್‌ರ ನೆಲಮಾಳಿಗೆಗೇ ಓಡುತ್ತಿದ್ದರು.

ಮೊದಲ ಆಲಿಕಲ್ಲು ಅವಳ ಭುಜಕ್ಕೆ ಬಡಿಯಿತು. ಎರಡನೆಯದು ನಿಂಬೆಕಾಯಿಯಷ್ಟು ದಪ್ಪವಿತ್ತು.

ಮೆಸ್ಸರ್‌ನ ವಕೀಲರು ಗೇಟಿಗೆ ಅಂಟಿಸಿದ ಕಾಗದ ಅವಳಿಗೆ ಬಾಯಿಪಾಠವಾಗಿತ್ತು. ನ್ಯಾಯಾಲಯದ ಆದೇಶವಿಲ್ಲದೆ ಶೆರಿಫ್ ಕಚೇರಿಯ ಯಾರೂ ಈ ಜಾಗದಲ್ಲಿ ಕಾಲಿಡುವಂತಿಲ್ಲ. ಕಾಗದ ಹಾಳಾಗಿ ಹೋಗಲಿ ಎಂದುಕೊಂಡು ನೆಟ್ಟೀ ಓಡಿದಳು.

ಹಿಂಬಾಗಿಲಿಗೆ ಚಿಲಕ ಹಾಕಿರಲಿಲ್ಲ.

ಅದೂ ಇಲ್ಲಿನ ಪದ್ಧತಿಯೇ. ಆಕಾಶ ಕೆಟ್ಟರೆ ನೆಲಮಾಳಿಗೆ ಇದ್ದವರು ಹಿಂಬಾಗಿಲ ಚಿಲಕ ತೆಗೆದಿಡುತ್ತಾರೆ, ಇಲ್ಲದವರು ಬಂದು ಇಳಿಯುತ್ತಾರೆ. ಕರೆಯುವುದೂ ಇಲ್ಲ, ಕೇಳುವುದೂ ಇಲ್ಲ. ಬಾಗಿಲ ಒಳಗಿನ ಮುಚ್ಚಿದ ಜಗಲಿಯ ನೆಲದಲ್ಲಿ ಕಬ್ಬಿಣದ ಮುಚ್ಚುಬಾಗಿಲು ಬಾಯಿ ತೆರೆದಿತ್ತು. ಒಳಗಿನಿಂದ ದೀಪದ ಹಳದಿ ಬೆಳಕು ಬರುತ್ತಿತ್ತು. ಹಿಂಬಾಗಿಲ ಚೌಕಟ್ಟಿಗೆ ಹೊಸದಾಗಿ ಕೂರಿಸಿದ ಪೈನ್ ಮರಕ್ಕೆ ಇನ್ನೂ ಬಣ್ಣ ಬಳಿದಿರಲಿಲ್ಲ. ಅವಳು ಅದನ್ನು ನೋಡುತ್ತಲೇ ಮೆಟ್ಟಿಲಿಳಿದಳು.

“ಯಾವನದು?” ಗಾರ್ಲಂಡ್ ಕೆಳಗಿನಿಂದ ಗದರಿದ.

“ನೆಟ್ಟೀ ಪ್ರೂಯಿಟ್.”

“ಥತ್! ನಮ್ ವಕೀಲ್ರ ಕಾಗ್ದ ಓದಕ್ ಬರಲ್ವಾ ನಿಂಗೆ?”

“ಓದ್ದೆ. ಆಲಿಕಲ್ಲಿಗೆ ಓದಕ್ ಬರಲ್ವಲ್ಲ, ಏನ್ ಮಾಡ್ಲಿ?”

ಗಾರ್ಲಂಡ್ ಮೆಸ್ಸರ್‌ಗೆ ಅರವತ್ತೆಂಟು. ಎತ್ತರದ ಆಳು, ತೊಟ್ಟ ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಜಾರುತ್ತಿತ್ತು. ಅವಳನ್ನು ದಾಟಿಕೊಂಡು ಮೆಟ್ಟಿಲು ಹತ್ತಿ ಮುಚ್ಚುಬಾಗಿಲನ್ನು ಎಳೆದು ಅಗುಳಿ ಸರಿಸಿದ. ಹೊರಗಿನ ಸೈರನ್ ಸದ್ದು ಒಮ್ಮೆಗೇ ಸಣ್ಣದಾಯಿತು.

ಒಳಗೆ ಮೂರು ಜನ ಕಾಲು ಚಾಚಿದರೆ ಒಬ್ಬರಿಗೊಬ್ಬರು ತಾಗುವಷ್ಟೇ ಜಾಗ. ಸಿಮೆಂಟಿನ ಗೋಡೆ, ಎದುರು ಬದುರಾಗಿ ಎರಡು ಬೆಂಚು, ಹಲಗೆಯ ಮೇಲೆ ಪೀಚ್ ಹಣ್ಣಿನ ಬಾಟಲಿಗಳು, ಬೆಂಡೆಕಾಯಿ ಉಪ್ಪಿನಕಾಯಿ, ಬ್ಯಾಟರಿ ರೇಡಿಯೋ. ಮೊಳೆಗೆ ತೂಗುಹಾಕಿದ ಹಳೆಯ ಟೋಪಿಯೊಂದು. ಅದು ಮೆಸ್ಸರ್‌ರ ಒಬ್ಬನೇ ಮಗ ಕೋಡಿಯದು. ಹತ್ತೊಂಬತ್ತರ ಹುಡುಗ, ಒಂಬತ್ತು ವರ್ಷದ ಹಿಂದಿನ ಸುಂಟರಗಾಳಿಯಲ್ಲಿ ಬೇಲಿಯ ಹತ್ತಿರ ಹೆಣವಾಗಿ ಸಿಕ್ಕಿದ್ದ.

ಆರ್ಲೀನ್ ಮೆಸ್ಸರ್ ಆ ಟೋಪಿಯ ಕೆಳಗೇ ಕೂತಿದ್ದಳು. ಸಣ್ಣ ದೇಹದ ಹೆಂಗಸು. ತೊಡೆಯ ಮೇಲೆ ತೇಪೆ ಕೌದಿ, ಕೈಗಳೆರಡೂ ಅದರ ಕೆಳಗೆ. ನೆಟ್ಟೀಯನ್ನು ನೋಡಿ ನಗಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

“ಕೂತ್ಕೊ” ಎಂದೂ ಆಕೆ ಹೇಳಲಿಲ್ಲ. ನೆಟ್ಟೀ ತಾನಾಗಿಯೇ ಎದುರಿನ ಬೆಂಚಿನಲ್ಲಿ ಕೂತಳು.

ಫೋನ್ ತೆಗೆದು ನೋಡಿದಳು. ಸಿಗ್ನಲ್ ಇಲ್ಲ. ತಾನು ಇಲ್ಲಿರುವುದು ಯಾರಿಗೂ ಗೊತ್ತಿಲ್ಲ ಎಂಬುದು ಆಗ ಹೊಳೆಯಿತು. ಇರಲಿ, ನಾಳೆ ಒಂಬತ್ತರೊಳಗೆ ಗಾರ್ಲಂಡ್‌ನನ್ನು ಮಾತಾಡಿಸಲು ಇದಕ್ಕಿಂತ ಒಳ್ಳೆ ಅವಕಾಶ ಸಿಗುವುದಿಲ್ಲ. ಇಲ್ಲಿಂದ ಅವನೂ ಎದ್ದು ಹೋಗುವಂತಿಲ್ಲ.

“ಮೆಸ್ಸರ್ ಅವ್ರೇ, ಹಿಂಬಾಗ್ಲ ಚಿಲಕ ಯಾವಾಗ ತೆಗೆದಿಟ್ರಿ?”

“ಮಧ್ಯಾಹ್ನವೇ. ಮೋಡ ನೋಡಿ.”

“ಯಾವಾಗ್ಲೂ ತೆಗೀತೀರಾ?”

“ನಮ್ಮಪ್ಪನ ಕಾಲದಿಂದ. ಮೋಡ ಕಟ್ಟಿದ ದಿನ ಆ ಬಾಗ್ಲಿಗೆ ಚಿಲಕ ಹಾಕಿದ್ದೇ ಇಲ್ಲ ನಮ್ಮನೇಲಿ. ಬೇಕಾದ್ರೆ ಊರಲ್ಲಿ ಕೇಳು.” ಅವನ ದನಿಯಲ್ಲಿ ಹೆಮ್ಮೆ ಇತ್ತು.

“ಆವತ್ತು ಶನಿವಾರ ಹಾಕಿತ್ತಲ್ಲ?”

ಗಾರ್ಲಂಡ್ ಹುಬ್ಬು ಗಂಟಿಕ್ಕಿದ. “ಆವತ್ತು ಎಲ್ಲಿತ್ತು ಮೋಡ? ಚೆನ್ನಾಗ್ ಬಿಸಿಲಿತ್ತು. ಹನ್ನೆರಡರ ಸೈರನ್ ಕೂಗ್ತು, ವಾರವಾರ ಕೂಗೋ ಪರೀಕ್ಷೆ ಸೈರನ್ನು. ನಾನು ಊಟಕ್ಕೆ ಕೂತಿದ್ದೆ. ಅಷ್ಟ್ರಲ್ಲಿ ಬಾಗ್ಲು ಮುರಿದ ಸದ್ದಾಯ್ತು. ಎಲ್ಲಾ ಬರ್ಸಿದೀನಿ, ಕಾಗ್ದದಲ್ಲೇ ಇದೆ.”

“ಇದೆ, ಇದೆ. ಹನ್ನೊಂದು ದಿನದಿಂದ ಓದ್ತಾನೇ ಇದೀನಿ.”

ಮೇಲೆ ಆಲಿಕಲ್ಲಿನ ಹೊಡೆತ ಜೋರಾಯಿತು. ತಗಡಿನ ಮೇಲೆ ಯಾರೋ ಜಲ್ಲಿ ಸುರಿಯುತ್ತಿದ್ದ ಹಾಗೆ ಕೇಳುತ್ತಿತ್ತು. ರೇಡಿಯೋದವನು ಗಾಳಿ ಹಳ್ಳ ದಾಟಿತು, ಹೆದ್ದಾರಿಯ ಉತ್ತರಕ್ಕಿರುವವರೆಲ್ಲ ಕೆಳಗಿಳಿಯಿರಿ ಎಂದು ಕೂಗುತ್ತಿದ್ದ. ಅವರು ಉತ್ತರಕ್ಕೇ ಇದ್ದರು.

ನೆಟ್ಟೀ ಅಂಗಿ ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದು ದೀಪದ ಹತ್ತಿರ ಹಿಡಿದಳು.

“ಇದು ನಮ್ಮೂರಿನ ಅಗ್ನಿಶಾಮಕ ಠಾಣೆ ಪುಸ್ತಕದ ಹಾಳೆ. ಇವತ್ ಬೆಳಗ್ಗೆ ನಕಲು ತಗೊಂಡ್ ಬಂದೆ. ಸೈರನ್ ಒತ್ತೋದು ಅವ್ರೇ, ಬರೆದಿಡೋದೂ ಅವ್ರೇ. ಓದ್ಲಾ?”

“ಓದು, ಬೇರೇನ್ ಕೆಲ್ಸ ಇದೆ ಇಲ್ಲಿ?”

“ಶನಿವಾರ. ದಟ್ಟ ಮೋಡ. ಹನ್ನೆರಡರ ಪರೀಕ್ಷೆ ರದ್ದು.”

ಗಾರ್ಲಂಡ್ ಬಗ್ಗಿ ಹಾಳೆಯನ್ನು ನೋಡಿದ.

ರದ್ದು ಮಾಡಲೇಬೇಕು. ಮೋಡ ಕವಿದ ದಿನ ಪರೀಕ್ಷೆಯ ಸೈರನ್ ಕೂಗಿಸಿದರೆ ನಿಜವಾದದ್ದು ಯಾವುದು ಎಂದು ಜನಕ್ಕೆ ತಿಳಿಯುವುದಿಲ್ಲ. ಈ ಕಡೆಯ ಮಕ್ಕಳಿಗೂ ಗೊತ್ತಿರುವ ವಿಷಯ ಅದು. ಆದರೆ ಶನಿವಾರ ಮಧ್ಯಾಹ್ನ ಎಂದಕೂಡಲೇ ಇಲ್ಲಿನವರ ಕಿವಿಯೊಳಗೆ ಸೈರನ್ ತಾನಾಗಿ ಕೂಗುತ್ತದೆ. ನಲವತ್ತು ಮೈಲಿ ದೂರದ ಕಚೇರಿಯಲ್ಲಿ ಬಿಸಿಲು ಕಾಯುತ್ತ ಕೂತ ಶೆರಿಫ್‌ಗೂ ಅದರಲ್ಲಿ ಅನುಮಾನ ಬಂದಿರಲಿಲ್ಲ. ನೆಟ್ಟೀಗೂ ಹತ್ತು ದಿನ ಬಂದಿರಲಿಲ್ಲ, ಅದಕ್ಕೆ ತನ್ನನ್ನು ತಾನೇ ಬೈದುಕೊಂಡಿದ್ದಳು.

“ಇನ್ನೂ ಇದೆ,” ಎಂದಳು. “ಹನ್ನೊಂದು ನಲವತ್ತಕ್ಕೆ ಸೈರನ್. ಪರೀಕ್ಷೆದಲ್ಲ, ನಿಜವಾದ್ದು. ಹನ್ನೊಂದು ಐವತ್ತೈದಕ್ಕೆ ಅಪಾಯ ಇಲ್ಲ ಅಂತ ನಿಲ್ಸಿದಾರೆ. ಮೆಸ್ಸರ್ ಅವ್ರೇ, ಟ್ರಾಯ್ ಕದಿಯಕ್ ಬಂದಿದ್ದಲ್ಲ. ನಾನ್ ಈಗ ಓಡಿ ಬಂದ್ನಲ್ಲ, ಹಂಗೇ ಬಂದಿದ್ದ. ಒಂಬತ್ ವರ್ಷದಿಂದ ನೀವೇ ಇಳಿಸ್ಕೋತಿದ್ದ ಜಾಗಕ್ಕೆ ಬಂದಿದ್ದ.”

ಇಷ್ಟು ಹೇಳಿ ಅವಳು ಗಾರ್ಲಂಡ್‌ನ ಮುಖ ನೋಡಿದಳು. ಸಿಕ್ಕಿಬಿದ್ದವರ ಮುಖಗಳನ್ನು ಅವಳು ಇಪ್ಪತ್ತು ವರ್ಷದಿಂದ ನೋಡುತ್ತ ಬಂದಿದ್ದಳು. ಕೆಲವರು ಕೆಂಪಾಗುತ್ತಾರೆ, ಕೆಲವರು ಕೂಗಾಡುತ್ತಾರೆ, ಕೆಲವರು ನೀರು ಕೇಳುತ್ತಾರೆ.

ಗಾರ್ಲಂಡ್ ಇದ್ಯಾವುದನ್ನೂ ಮಾಡಲಿಲ್ಲ. ಅವನು ಹೆಂಡತಿಯ ಕಡೆ ತಿರುಗಿದ. ಅವನ ಮುಖದಲ್ಲಿದ್ದದ್ದು ಅಪ್ಪಟ ಆಶ್ಚರ್ಯ.

“ಸೈರನ್ ಕೂಗಿತ್ತಾ?” ಎಂದು ಆಕೆಯನ್ನು ಕೇಳಿದ.

ನೆಟ್ಟೀ ಹಾಳೆಯನ್ನು ಮಡಚಿದಳು.

ಇವನು ಸುಳ್ಳು ಹೇಳುತ್ತಿಲ್ಲ. ಇವನಿಗೆ ಗೊತ್ತೇ ಇಲ್ಲ. ಮನೆಯಲ್ಲಿದ್ದವನು ಆ ದಿನ ಬಿಸಿಲಿತ್ತು ಎನ್ನಲಾರ. ಮೋಡ ಕವಿದು, ನಿಜವಾದ ಸೈರನ್ ಹದಿನೈದು ನಿಮಿಷ ತಲೆಯ ಮೇಲೆ ಕೂಗಿದ್ದನ್ನು ಮರೆತು, ಕೂಗದೇ ಇದ್ದ ಸೈರನ್ನನ್ನು ಹೇಳಿಕೆಯಲ್ಲಿ ಬರೆಸಲಾರ. ಆ ತಪ್ಪು ಮಾಡುವುದು ಆ ಹೊತ್ತಿಗೆ ಊರಲ್ಲೇ ಇಲ್ಲದವನು ಮಾತ್ರ.

“ಎಲ್ಲಿದ್ರಿ ನೀವು?” ಅವಳ ದನಿ ಇಳಿದಿತ್ತು. “ಶನಿವಾರ ಹನ್ನೊಂದು ನಲವತ್ತಕ್ಕೆ ಎಲ್ಲಿದ್ರಿ?”

“ಇಲ್ಲೇ ಇದ್ದೆ. ಹೊಡೆದೋನು ನಾನು. ಬರ್ಕೋ.”

“ಮೆಸ್ಸರ್ ಅವ್ರೇ...”

“ಬರ್ಕೋ ಅಂದ್ನಲ್ಲ! ಕೋವಿ ನಂದು, ಮನೆ ನಂದು, ಹೊಡೆದೋನು ನಾನು!”

“ಸಾಕು ಬಿಡು, ಗಾರ್ಲಂಡ್,” ಎಂದಳು ಆರ್ಲೀನ್. ಇಷ್ಟು ಹೊತ್ತಿನಲ್ಲಿ ಆಕೆ ಆಡಿದ ಮೊದಲ ಮಾತು ಅದು. “ಅವ್ನು ದನದ ಹರಾಜಿಗೆ ಹೋಗಿದ್ದ ಕಣಮ್ಮ. ಪಕ್ಕದ ಕೌಂಟಿಗೆ. ಅಲ್ಲಿ ಬಿಸಿಲಿತ್ತೇನೋ. ಹನ್ನೆರಡೂ ಕಾಲಿಗೆ ಬಂದ. ಅಷ್ಟೊತ್ತಿಗೆ ಇಲ್ಲೂ ಮೋಡ ಚದುರಿತ್ತು, ಎಲ್ಲಾ ಮುಗಿದಿತ್ತು.”

“ಆರ್ಲೀನ್, ಬಾಯ್ಮುಚ್ಚು!”

“ನೀನ್ ಬರ್ಸಿದ್ದು ಕೇಳ್ದಾಗ್ಲೇ ಅನ್ಕೊಂಡೆ, ಈ ಪೆದ್ದ ಹನ್ನೆರಡರ ಸೈರನ್ ಸೇರಿಸ್ಬಿಟ್ನಲ್ಲಾ ಅಂತ. ಅಷ್ಟ್ರಲ್ಲಿ ನೀನು ಸಹಿನೂ ಹಾಕಿದ್ದೆ.”

ಗಾರ್ಲಂಡ್ ಬೆಂಚಿನ ಮೇಲೆ ಕುಸಿದ. ಅಷ್ಟೆತ್ತರದ ಆಳು ಅಷ್ಟು ಸಣ್ಣಗಾಗಬಹುದು ಎಂದು ನೆಟ್ಟೀ ಎಣಿಸಿರಲಿಲ್ಲ. ಅವನ ಬಗ್ಗೆ ಅವಳಿಗೆ ಮರುಕ ಹುಟ್ಟಿತು.

“ಅವ್ಳಿಗೆ ಭಯ ಆಗಿತ್ತು,” ಎಂದ ಅವನು ನೆಟ್ಟೀಗೆ, ಬೇಡಿಕೊಳ್ಳುವವನಂತೆ. “ಒಬ್ಳೇ ಇದ್ಳು. ನಾನೇ ಹೇಳ್ಕೊಟ್ಟಿದ್ದು ಕಣಮ್ಮ, ಯಾರಾದ್ರೂ ಬಾಗ್ಲು ಒಡೆದ್ರೆ ಮೊದ್ಲು ಹೊಡಿ, ಆಮೇಲೆ ಕೇಳು ಅಂತ. ಕೋಡಿ ಹೋದ್ಮೇಲೆ ಅವ್ಳ ನರ ಸರಿ ಇಲ್ಲ. ಕೋರ್ಟಿಗೆಲ್ಲ ಎಳೆದಾಡಿದ್ರೆ ತಡ್ಕೊಳಲ್ಲ. ಅದಕ್ಕೆ ನನ್ನ ಮೇಲೆ ಹಾಕ್ಕೊಂಡೆ. ಕಾನೂನು ಹೆಂಗೂ ನಮ್ ಕಡೆಗಿದೆ, ಯಾರ್ ಹೊಡೆದ್ರೇನು?”

ಮೇಲೆ ಏನೋ ಮುರಿದು ಬಿದ್ದ ಸದ್ದಾಯಿತು. ದೀಪ ಅಲುಗಿತು. ಪೀಚ್ ಬಾಟಲಿಗಳು ಒಂದಕ್ಕೊಂದು ತಗುಲಿ ಕಿಣಿಗುಟ್ಟಿದವು. ಆಲಿಕಲ್ಲಿನ ಸದ್ದು ನಿಂತಿತ್ತು, ಅದರ ಜಾಗದಲ್ಲಿ ದೂರದಿಂದ ಗೂಡ್ಸ್ ರೈಲು ಬರುತ್ತಿರುವಂಥ ಗುಡುಗುಡು.

ನೆಟ್ಟೀಗೆ ಎರಡನೆಯ ಕಾಗದ ನೆನಪಾಯಿತು. ಟ್ರಾಯ್‌ನ ಮೇಜಿನ ಖಾನೆಯಲ್ಲಿ ಸಿಕ್ಕಿದ್ದ ಚೀಟಿ. ಅದರಲ್ಲಿ ಏಳು ಹೆಸರುಗಳು, ಐದಕ್ಕೆ ಗೆರೆ ಎಳೆದಿತ್ತು. ಕುಡಿತ ಬಿಟ್ಟವರ ಕೂಟದಲ್ಲಿ ಹಾಗೊಂದು ನಿಯಮವುಂಟು. ತಾನು ಯಾರ್ಯಾರಿಗೆ ಕೇಡು ಮಾಡಿದ್ದೇನೆ ಎಂದು ಪಟ್ಟಿ ಬರೆದು, ಒಬ್ಬೊಬ್ಬರ ಬಾಗಿಲಿಗೂ ಹೋಗಿ ತಪ್ಪೊಪ್ಪಿಕೊಂಡು ಬರಬೇಕು. ಗೆರೆ ಎಳೆದ ಐದನೆಯ ಹೆಸರು ಆರ್ಲೀನ್ ಮೆಸ್ಸರ್. ಆಕೆಯ ಹೆಸರು ಯಾಕಿದೆ ಎಂದು ಕೇಳಿದ್ದಕ್ಕೆ ಮೇವಿಸ್ ತನಗೇನೂ ಗೊತ್ತಿಲ್ಲ ಎಂದು ತಲೆಯಾಡಿಸಿದ್ದಳು.

“ಆರ್ಲೀನಮ್ಮ, ಟ್ರಾಯ್ ನಿಮ್ ಹತ್ರ ಬಂದಿದ್ನಾ? ಆ ಶನಿವಾರಕ್ಕೆ ಮುಂಚೆ?”

ಆಕೆ ತಲೆಯೆತ್ತಿ ಅವಳನ್ನು ಪೂರಾ ನೋಡಿದಳು.

“ಮೂರು ವಾರ ಮುಂಚೆ. ಗಾರ್ಲಂಡ್ ಹೊಲದಲ್ಲಿದ್ದ. ಅಡಿಗೆಮನೇಲಿ ಕೂರಿಸಿ ಪೆಕಾನ್ ಪೈ ಕೊಟ್ಟೆ. ಎರಡು ತುಂಡು ತಿಂದ. ತಿಂದು ತಟ್ಟೆ ಪಕ್ಕಕ್ಕಿಟ್ಟು ಹೇಳ್ದ.”

“ಏನಂತ?”

“ನನ್ ಮಗ ಬೇಲಿ ಹತ್ರ ಸಾಯ್ಲಿಲ್ಲ ಅಂತ.”

ಗಾರ್ಲಂಡ್ ತಲೆ ಮೇಲೆತ್ತಿದ.

“ಕೋಡಿ ಅವ್ರ ನೆಲಮಾಳಿಗೆ ಬಾಗ್ಲು ತಟ್ಟಿದ್ನಂತೆ. ಟ್ರಾಯ್, ಟ್ರಾಯ್, ನಾನ್ ಕೋಡಿ ಅಂತ ಕೂಗಿದ್ನಂತೆ. ಇವ್ನು ಕುಡ್ದಿದ್ದ, ಗಾಳಿ ಹತ್ರ ಬಂದಿತ್ತು, ಬಾಗ್ಲು ತೆಗೆದ್ರೆ ತಾನೂ ಹೋಗ್ತೀನಿ ಅಂತ ಭಯ. ಅಗುಳಿ ಹಿಡ್ಕೊಂಡು ಕೂತ್ನಂತೆ. ನನ್ ಮಗ ತಟ್ಟಿದ್ದು ಎಷ್ಟ್ ಸಲ ಅಂತ ಎಣಿಸಿದಾನೆ ಅವ್ನು. ಹನ್ನೊಂದು ಸಲ. ಆಮೇಲ್ ತಟ್ಲಿಲ್ವಂತೆ.”

ಡೀಟ್ಸ್ ಹಿತ್ತಲಿನ ಆ ಚೌಕದ ತಗ್ಗು ನೆಟ್ಟೀಯ ಕಣ್ಣ ಮುಂದೆ ಬಂದು ನಿಂತಿತು. ನೀರು ಜಿನುಗಿದ್ದರಿಂದಲ್ಲ ಅವನು ಅದನ್ನು ಮುಚ್ಚಿದ್ದು.

“ನಂಗ್ ಹೇಳ್ಲಿಲ್ಲ ನೀನು,” ಎಂದ ಗಾರ್ಲಂಡ್. ದನಿ ಒಡೆದಿತ್ತು.

“ಹೇಳಿದ್ರೆ ನೀನೇ ಹೋಗಿ ಹೊಡೀತಿದ್ದೆ.” ಆರ್ಲೀನ್ ಗಂಡನ ಕಡೆ ನೋಡಲಿಲ್ಲ. “ಒಂಬತ್ ವರ್ಷ, ನೆಟ್ಟೀ. ಒಂಬತ್ ವರ್ಷ ಅವ್ನು ಬಂದು ನೀನ್ ಕೂತಿರೋ ಬೆಂಚಲ್ಲಿ, ನನ್ನೆದುರಿಗೆ ಕೂತಿದ್ದ. ಈ ಕೌದಿನೇ ಹೊದ್ಕೋತಿದ್ದ. ನಾನು ಬಿಸಿ ಕಾಫಿ ಬಗ್ಸಿ ಕೊಡ್ತಿದ್ದೆ.”

“ಆ ಶನಿವಾರ?”

“ಮೋಡ ಕಟ್ತು. ಎದ್ದು ಹೋಗಿ ಚಿಲಕ ಹಾಕ್ದೆ. ಈ ಮನೇಗ್ ಬಂದ್ಮೇಲೆ ಅದೇ ಮೊದ್ಲು. ಸೈರನ್ ಕೂಗ್ತು, ಓಡ್ ಬಂದ. ತಟ್ಟಿದ. ಆರ್ಲೀನಮ್ಮ, ಆರ್ಲೀನಮ್ಮ ಅಂದ. ನಾನು ಗಾಜಿನ ಈಚೆ ನಿಂತು ಎಣಿಸ್ದೆ. ಆರನೇ ಸಲಕ್ಕೆ ಅವ್ನಿಗ್ ತಡೀಲಿಲ್ಲ, ಭುಜ ಕೊಟ್ಟು ಬಾಗ್ಲು ಮುರ್ದ. ನನ್ ಮಗ ಹನ್ನೊಂದ್ ಸಲ ತಟ್ಟಿದ್ದ.”

“ಹೊಡೆದ್ರಿ.”

“ಹೊಡೆದೆ. ಚಿಲಕ ಹಾಕಿದ ಬಾಗ್ಲು ಒಡೆದ, ನಾನ್ ಮನೆಯೊಡತಿ, ಹೊಡೆದೆ. ಭಯ ಆಯ್ತು ಅಂತ ನಾನೇ ಹೇಳಿದ್ರೂ ನ್ಯಾಯಾಧೀಶ್ರು ಕೈಮುಗಿದು ಮನೇಗ್ ಕಳಿಸ್ತಿದ್ರು. ಹೌದೋ ಅಲ್ವೋ?”

“ಹೌದು,” ಎಂದಳು ನೆಟ್ಟೀ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. “ಭಯ ಆಗಿತ್ತಾ ನಿಮ್ಗೆ?”

“ಇಲ್ಲ.”

ಆ ಒಂದು ಮಾತಿಗಾಗಿಯೇ ಅವಳು ಹನ್ನೊಂದು ದಿನ ಅಲೆದಿದ್ದಳು. ಈಗ ಅದು ಸಿಕ್ಕಿತ್ತು. ಕೇಳಿಸಿಕೊಂಡವಳು ರಜೆಯ ಮೇಲಿದ್ದ, ಬಿಲ್ಲೆಯಿಲ್ಲದ ಒಬ್ಬ ಹೆಂಗಸು. ಅಗುಳಿ ಹಾಕಿದ ಕಬ್ಬಿಣದ ಬಾಗಿಲಿನ ಕೆಳಗೆ, ಬೇರೆಯವರ ನೆಲದೊಳಗೆ ಅವಳು ಕೂತಿದ್ದಳು.

“ನೆಟ್ಟೀ,” ಎಂದಳು ಆರ್ಲೀನ್ ಸಮಾಧಾನವಾಗಿ, “ನಿನ್ನ ಇಲ್ಲಿಗ್ ಯಾರ್ ಕರೆದ್ರು?”

ಕೌದಿ ಮೆಲ್ಲಗೆ ಸರಿಯಿತು. ಅದರ ಕೆಳಗಿದ್ದ ಪಿಸ್ತೂಲು ಆಕೆಯ ಮಂಡಿಯ ಮೇಲೆ ಕೂತಿತ್ತು, ಬಾಯಿ ನೆಟ್ಟೀಯ ಕಡೆ.

ನೆಟ್ಟೀ ಬೆಂಚಿನ ಅಂಚು ಹಿಡಿದಳು. ಯಾರೂ ಕರೆದಿರಲಿಲ್ಲ. ಬಾ ಎಂದಾಗಲಿ, ಕೂತ್ಕೊ ಎಂದಾಗಲಿ ಈ ಮನೆಯ ಯಾರ ಬಾಯಿಂದಲೂ ಬಂದಿರಲಿಲ್ಲ. ಬರಬೇಡ ಎಂದು ಬರೆದದ್ದು ಗೇಟಿನ ಮೇಲೇ ಇತ್ತು. ಟ್ರಾಯ್‌ನನ್ನು ಕಾಪಾಡದ ಕಾನೂನು ಅವಳನ್ನೂ ಕಾಪಾಡುವುದಿಲ್ಲ. ನಾಳೆ ಒಂಬತ್ತಕ್ಕೆ ಒಂದರ ಬದಲು ಎರಡು ಕಡತ ಮುಚ್ಚಬಹುದು.

“ಆರ್ಲೀನ್, ಅದನ್ನ್ ಕೆಳಗಿಡು,” ಎಂದ ಗಾರ್ಲಂಡ್. “ಹುಚ್ಚಾ ನಿ‌ಂಗೆ? ಅವ್ಳೇನ್ ಮಾಡಿದಾಳೆ?”

“ಏನೂ ಮಾಡಿಲ್ಲ. ನಾಳೆ ಮಾಡ್ತಾಳೆ.”

“ಅಮ್ಮಾ,” ನೆಟ್ಟೀ ತನ್ನ ದನಿ ನಡುಗದಂತೆ ನೋಡಿಕೊಂಡಳು, “ನಾನು ನಾಳೆ ಹೇಳೋದು ಒಂದೇ. ಟ್ರಾಯ್ ಕಳ್ಳ ಅಲ್ಲ ಅಂತ. ಅಷ್ಟು ಹೇಳೋಕೆ ಬಿಡಿ. ಕೋಡಿ ವಿಷ್ಯನೂ ಹೇಳ್ತೀನಿ, ಊರಿಗೆಲ್ಲ ಕೇಳೋ ಹಂಗೆ ಹೇಳ್ತೀನಿ.”

ಆರ್ಲೀನ್‌ಳ ಬೆರಳು ಸಡಿಲವಾಯಿತೇನೋ ಎನಿಸಿತು. ಆಕೆ ತಲೆಯ ಮೇಲೆ ಮೊಳೆಗೆ ತೂಗುತ್ತಿದ್ದ ಟೋಪಿಯನ್ನು ಒಮ್ಮೆ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು.

ಧಡ್, ಧಡ್, ಧಡ್.

ಮೂವರೂ ಒಟ್ಟಿಗೆ ಮೇಲೆ ನೋಡಿದರು. ಗಾಳಿಯ ಪೆಟ್ಟಲ್ಲ ಅದು. ಯಾರೋ ಮುಷ್ಟಿಯಿಂದ ಗುದ್ದುತ್ತಿದ್ದರು.

“ಬಾಗ್ಲು ತೆಗೀರಿ! ಗಾರ್ಲಂಡ್ ಅವ್ರೇ! ಆರ್ಲೀನಮ್ಮ! ಗಾಳಿ ರಸ್ತೆ ದಾಟ್ತು, ನಾನು ಮೇವಿಸ್!”

ನಾಲ್ಕು ಗಂಟೆ. ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದಳು. ಗಂಡನನ್ನು ಕೊಂದ ಮನೆ ಎಂದು ಗೊತ್ತಿದ್ದೂ ಬಂದಿದ್ದಳು, ಬೇರೆ ಎಲ್ಲಿಗೂ ಹೋಗುವ ಹಾಗಿರಲಿಲ್ಲ.

ನೆಟ್ಟೀ ಯೋಚಿಸಲಿಲ್ಲ. ಮೂರು ಮೆಟ್ಟಿಲು ಹತ್ತಿ ಅಗುಳಿಗೆ ಕೈ ಹಾಕಿದಳು. ಅವಳ ಬೆನ್ನ ಹಿಂದೆ ಪಿಸ್ತೂಲಿನ ಕುದುರೆ ಎಳೆದ ಸಣ್ಣ ಸದ್ದಾಯಿತು.

“ಮುಟ್ಬೇಡ.”

“ಆರ್ಲೀನಮ್ಮ, ಅವ್ಳು ಸಾಯ್ತಾಳೆ! ಟ್ರಾಯ್ ಮಾಡಿದ್ದಕ್ಕೆ ಅವ್ಳೇನ್ ಮಾಡ್ತಾಳೆ?”

“ಅವ್ಳ್ ನಿಂಗೆ ಹೇಳ್ಲಿಲ್ವಾ?” ಆರ್ಲೀನ್ ಎದ್ದು ನಿಂತಿದ್ದಳು. ಆಕೆಯ ದನಿ ಏರಲಿಲ್ಲ. “ಕೋಡಿ ತಟ್ಟಿದ ದಿನ ಆ ಬಾಗ್ಲ ಕೆಳಗೆ ಇಬ್ರಿದ್ರು. ಏಳನೇ ಸಲ ತಟ್ಟಿದಾಗ ಟ್ರಾಯ್ ತೆಗೆಯಕ್ಕೆ ಎದ್ನಂತೆ. ತೆಗೀಬೇಡ ಅಂತ ಕೈ ಹಿಡಿದು ಕೂರಿಸ್ದೋಳು ಇವ್ಳು.”

ಧಡ್, ಧಡ್.

ಗೂಡ್ಸ್ ರೈಲಿನ ಸದ್ದು ಈಗ ತಲೆಯ ಮೇಲಿತ್ತು. ದೀಪ ಒಮ್ಮೆ ಚಿಮ್ಮಿ ಆರಿತು. ಆ ಕತ್ತಲೆಯಲ್ಲಿ ಮೆಟ್ಟಿಲು ಹತ್ತಿ ಬಂದ ಭಾರವಾದ ಹೆಜ್ಜೆಗಳು ನೆಟ್ಟೀಗೆ ಕೇಳಿಸಿದವು. ಗಾರ್ಲಂಡ್‌ನ ಉಸಿರು ಅವಳ ಕಿವಿಗೆ ತಾಗಿತು. ಅವನ ಒರಟು ಕೈ ಅಗುಳಿಯ ಮೇಲಿದ್ದ ಅವಳ ಕೈಯನ್ನು ಬಿಗಿಯಾಗಿ ಮುಚ್ಚಿ ಹಿಡಿಯಿತು.

ತೆಗೆಯಲಿಕ್ಕೋ, ತೆಗೆಯದಂತೆ ತಡೆಯಲಿಕ್ಕೋ ಅವಳಿಗೆ ತಿಳಿಯಲಿಲ್ಲ.

ಅವನು ತುಟಿಯೊಳಗೇ ಎಣಿಸುತ್ತಿದ್ದ. “ಆರು,” ಎಂದ. ಮೇಲೆ ಮತ್ತೊಮ್ಮೆ ಬಡಿತ ಕೇಳಿಸಿತು.

“ಏಳು.”